ಆಲ್ಬರ್ಟ್ ದಾಟುತ್ತಿದ್ದ ಸೇತುವೆ

ಕಾಪು

ನಾನು ವಿದೇಶಕ್ಕೆ ಹೋಗುತ್ತೇನೆಂದು ಗೊತ್ತಾದ ಭಾನುವಾರ, ಶಿರ್ವದ ಇಗರ್ಜಿಯ ಅಂಗಳದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: “ಬಹ್ರೈನಾ, ದುಬೈಯಾ?”

“ಇಂಗ್ಲೆಂಡ್” ಎಂದರೆ ಅವರ ಮುಖ ಸ್ವಲ್ಪ ಸಪ್ಪೆಯಾಗುತ್ತಿತ್ತು.

“ಅಲ್ಲಿ ಎಂತ ಕೆಲಸ ಮಾರಾಯ?”

“ಸೇತುವೆ ನೋಡುವುದು.”

“ನೋಡುವುದಾ? ಕಟ್ಟುವುದಲ್ವಾ?”

“ಅಲ್ಲ. ಹಳೆಯದು ಹೇಗುಂಟು ಅಂತ ನೋಡುವುದು.”

ಹಳೆಯದನ್ನು ನೋಡಲು ಅಷ್ಟು ದೂರ ಹೋಗಬೇಕಾ ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಗಲ್ಫಿಗೆ ಹೋದ ಮಗ ಕಟ್ಟಿಸಿದ ತಾರಸಿ ಮನೆಯ ಎದುರು ನಿಂತು ಮಾತಾಡುವವರಿಗೆ ನನ್ನ ಪ್ರಯಾಣ ಅಷ್ಟೇನೂ ಲಾಭದ್ದಾಗಿ ಕಂಡಿರಲಿಕ್ಕಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಉಡುಪಿಯಲ್ಲಿ ಸರಕಾರಿ ಎಂಜಿನಿಯರ್. ಆ ಸುತ್ತಿನ ಹೊಳೆಗಳ ಸೇತುವೆಗಳು ನನ್ನ ಪಾಲಿಗೆ ಬಂದಿದ್ದವು. ಹೆಂಡತಿ ಐರಿನ್ ಕಾಪುವಿನ ಶಾಲೆಯಲ್ಲಿ ಟೀಚರು. ಹೆದ್ದಾರಿಯಿಂದ ಕಡಲಿಗೆ ಹೋಗುವ ದಾರಿಯಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಇಂಗ್ಲೆಂಡಿನ ಒಂದು ನಗರದ ಸೇತುವೆ ಕಚೇರಿಯಲ್ಲಿ ಐದು ತಿಂಗಳು ತರಬೇತಿ ಎಂಬ ಕಾಗದ ನನ್ನ ಕೈಗೆ ಬಂದಾಗ ಐರಿನ್‌ಗೆ ನಾಲ್ಕು ತಿಂಗಳು. ಹೆರಿಗೆ ಜುಲೈಯಲ್ಲಿ, ನಾನು ಮರಳುವುದು ಸೆಪ್ಟೆಂಬರಿನಲ್ಲಿ. ನಾನು ಹೋಗುವುದಿಲ್ಲ ಎಂದೆ.

“ನೀನಿದ್ದು ಎಂತ ಮಾಡ್ತಿ? ಹೆರುವುದು ನಾನಲ್ವಾ?” ಎಂದಳು ಅವಳು. “ಕಾರ್ಕಳದಲ್ಲಿ ಅಮ್ಮ ಇದ್ದಾಳೆ. ಮಣಿಪಾಲದಲ್ಲಿ ಡಾಕ್ಟರರು ಇದ್ದಾರೆ. ನೀನು ಹೋಗಿ ಬಾ.”

ಹಾಗೆ ಹೇಳಿದವಳು, ಹೊರಡುವ ದಿನ ಕಾಪುವಿನ ಬಸ್ ಸ್ಟಾಪಿನಲ್ಲಿ ಒಂದು ಮಾತೂ ಆಡಲಿಲ್ಲ. ಎಕ್ಸ್‌ಪ್ರೆಸ್ ಬಸ್ಸು ಅಲ್ಲಿ ನಿಲ್ಲುವುದೇ ಒಂದು ನಿಮಿಷ. ಕಂಡಕ್ಟರ್ ನನ್ನ ಪೆಟ್ಟಿಗೆಯನ್ನು ಮೇಲೆ ಎಸೆದ, ಸೀಟಿ ಊದಿದ. ಬಸ್ಸು ಹೊರಟಾಗ ನಾನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ್ದು, “ಐರಿನ್, ಛತ್ರಿ ಹಾಕಿದ್ದೀಯಾ?” ಎಂದು. ಐದು ತಿಂಗಳ ಅಗಲಿಕೆಗೆ ಮುಂಚೆ ಒಬ್ಬ ಗಂಡ ಹೇಳಿದ ಕೊನೆಯ ಮಾತು ಅದು. ಬೊಂಬಾಯಿ ತಲುಪುವ ತನಕ ಅದನ್ನೇ ನೆನೆದು ನಾಚಿದೆ. ಛತ್ರಿ ಪೆಟ್ಟಿಗೆಯಲ್ಲೇ ಇತ್ತು.

ನ್ಯೂಕಾಸಲ್

ಲಂಡನ್ನಿನಿಂದ ಉತ್ತರಕ್ಕೆ ಹೋಗುವ ರೈಲು ನ್ಯೂಕಾಸಲ್ ತಲುಪುವ ಮೊದಲು ಟೈನ್ ನದಿಯನ್ನು ದಾಟುತ್ತದೆ. ಕಿಟಕಿಯಿಂದ ನೋಡಿದೆ. ಒಂದರ ಹಿಂದೆ ಒಂದು ಸೇತುವೆಗಳು, ಒಂದು ಕಮಾನಿನದು, ಒಂದು ಎರಡು ಮಾಳಿಗೆಯದು, ಒಂದು ನೀರಿನ ಮಟ್ಟಕ್ಕೇ ಬಾಗಿ ಕೂತದ್ದು. ನಮ್ಮ ಕಡೆ ಹೊಳೆಗೆ ಒಂದು ಸೇತುವೆ ಸಿಗಲು ಎರಡು ತಲೆಮಾರು ಅರ್ಜಿ ಬರೆಯುತ್ತದೆ. ಇಲ್ಲಿ ಒಂದು ನದಿಗೆ ಇಷ್ಟು! ಎದುರು ಕೂತ ಮುದುಕಿ ನನ್ನ ಬಾಯಿ ತೆರೆದದ್ದು ಕಂಡು, ಚೀಲದಿಂದ ಒಂದು ಪೆಪ್ಪರಮಿಂಟು ತೆಗೆದು ಕೊಟ್ಟಳು.

ಸ್ಟೇಷನ್ನಿನಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಯಾರೋ ಬರುತ್ತಾರೆಂದು ಪತ್ರದಲ್ಲಿತ್ತು. ದಪ್ಪ ಕೋಟು, ಬೂದು ಟೋಪಿಯ ಎತ್ತರದ ಮುದುಕನೊಬ್ಬ ರಟ್ಟಿನ ಮೇಲೆ ನನ್ನ ಹೆಸರು ಬರೆದುಕೊಂಡು ಪ್ಲಾಟ್‌ಫಾರಂ ಮೇಲೆ ತಿರುಗುತ್ತಿದ್ದ. ಎದುರು ಹೋಗಿ ನಿಂತೆ. ಆತ ನನ್ನ ತಲೆಯ ಮೇಲಿಂದ ನೋಡಿ ಮುಂದೆ ಹೋದ. ಮತ್ತೆ ಬಂದ. ಮತ್ತೆ ಹೋದ. ಮೂರನೆಯ ಸಲ ನಾನು ಅವನ ತೋಳು ಹಿಡಿದೆ.

“ಲಾರೆನ್ಸ್ ಮೆಂಡೋನ್ಸಾ ನಾನೇ.”

ಆತ ರಟ್ಟನ್ನು ನೋಡಿದ, ನನ್ನನ್ನು ನೋಡಿದ. “ಕ್ಷಮಿಸು ಲ್ಯಾಡ್,” ಎಂದ, ನಮ್ಮಲ್ಲಿ ಹುಡುಗಾ ಎನ್ನುವ ಹಾಗೆ. “ಹೆಸರು ಕೇಳಿ ಯಾರೋ ಪೋರ್ಚುಗಲ್ಲಿನವ ಅಂದುಕೊಂಡಿದ್ದೆ. ಇಂಡಿಯಾದವನಿಗೆ ಈ ಹೆಸರು ಹೇಗೆ?”

“ಅದು ನಾನೂರು ವರ್ಷದ ಕಥೆ. ನಡೆಯುತ್ತಾ ಹೇಳಲಾ?” ಎಂದೆ.

ಆತ ನಕ್ಕು ಪೆಟ್ಟಿಗೆ ಎತ್ತಿಕೊಂಡ. ಅವನೇ ಆಲ್ಬರ್ಟ್. ಸೇತುವೆ ಕಚೇರಿಯ ಹಿರಿಯ ತಪಾಸಣೆಗಾರ. ಹುಡುಗನಾಗಿದ್ದಾಗ ಬಣ್ಣ ಬಳಿಯಲು ಸೇರಿದವನಂತೆ, ಈಗ ನಿವೃತ್ತಿಗೆ ಕೆಲವೇ ತಿಂಗಳು. ಅಷ್ಟು ಹಿರಿಯನನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಗೆ ಏಳಲಿಲ್ಲ. ‘ಮಿಸ್ಟರ್ ಆಲ್ಬರ್ಟ್’ ಎನ್ನತೊಡಗಿದೆ. ಅಲ್ಲಿ ಮಿಸ್ಟರ್ ಸೇರಿಸುವುದು ಮನೆತನದ ಹೆಸರಿಗೆ ಎಂಬುದು ನನಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ಅದೊಂದು ತಮಾಷೆಯಾಗಿ, ಎರಡು ವಾರದಲ್ಲಿ ಎಲ್ಲರೂ ಅವನನ್ನು ಹಾಗೆಯೇ ಕರೆಯತೊಡಗಿದರು.

ನಾನಿದ್ದದ್ದು ಮಿಸೆಸ್ ರಾಬ್ಸನ್ ಎಂಬ ವಿಧವೆಯ ಮನೆಯ ಮಾಳಿಗೆಯಲ್ಲಿ. ಆ ಊರಿನವರು ಗುರುತಿರಲಿ ಬಿಡಲಿ ಎಲ್ಲರನ್ನೂ ‘ಪೆಟ್’ ಎನ್ನುತ್ತಾರೆ. ಬಸ್ಸಿನವನಿಗೂ ಪೆಟ್, ಪಾದ್ರಿಗೂ ಪೆಟ್. ನಮ್ಮ ‘ಮಾರಾಯ’ನ ಹಾಗೆ ಅದಕ್ಕೆ ಅರ್ಥ ಕಡಿಮೆ, ಬಿಸುಪು ಹೆಚ್ಚು. ಮೊದಲ ದಿನ ಮಿಸೆಸ್ ರಾಬ್ಸನ್ ಬೇಯಿಸಿದ ಮೀನು ತಂದಿಟ್ಟು, “ತಿನ್ನು ಪೆಟ್” ಎಂದಳು. ಉಪ್ಪಿಲ್ಲ, ಹುಳಿಯಿಲ್ಲ, ಖಾರ ಎಂಬುದಂತೂ ಆ ಮನೆಯ ಹೊಸಿಲು ದಾಟಿರಲೇ ಇಲ್ಲ. ನಮ್ಮ ಬಂಗುಡೆ ಮೀನಿನ ಪುಳಿಮುಂಚಿ ನೆನೆದು ಕಣ್ಣಲ್ಲಿ ನೀರು ಬಂತು. “ಅಷ್ಟು ಚೆನ್ನಾಗಿದೆಯಾ?” ಎಂದು ಅವಳು ಇನ್ನೊಂದು ತುಂಡು ಬಡಿಸಿದಳು.

ಗೋಡೆಯ ಮೇಲಿನ ನದಿ

ಕಚೇರಿಯ ಒಂದು ಗೋಡೆಯ ಉದ್ದಕ್ಕೂ ನದಿಯ ನಕ್ಷೆ. ಎರಡು ದಡದ ಊರುಗಳು, ಬಂದರು, ಕಾರ್ಖಾನೆಗಳು, ಅವುಗಳ ನಡುವೆ ಪ್ರತಿಯೊಂದು ಸೇತುವೆಗೂ ಒಂದು ಬಣ್ಣದ ಗುಂಡುಸೂಜಿ. ಪ್ರತಿ ಸೇತುವೆಗೂ ಬೇರೆ ಬೇರೆ ದಪ್ಪ ರಿಜಿಸ್ಟರು. ಯಾವಾಗ ಬಣ್ಣ ಬಳಿದರು, ಯಾವ ರಿವೆಟ್ ಮೊಳೆ ಬದಲಾಯಿಸಿದರು, ಯಾವ ಚಳಿಗಾಲದಲ್ಲಿ ಎಲ್ಲಿ ಬಿರುಕು ಕಂಡಿತು, ಎಲ್ಲವೂ ಅದರಲ್ಲಿತ್ತು. ಆಸ್ಪತ್ರೆಯ ಮಂಚಕ್ಕೆ ನೇತುಹಾಕಿದ ಚೀಟಿಯ ಹಾಗೆ. ನಮ್ಮಲ್ಲಿ ಸೇತುವೆಗೆ ಉದ್ಘಾಟನೆಯ ಕಲ್ಲು ಉಂಟು, ಅದರಲ್ಲಿ ಮಂತ್ರಿಯ ಹೆಸರು ಉಂಟು. ಆಮೇಲಿನ ದಿನಚರಿ ಬರೆದವರಿಲ್ಲ. ಮಳೆಗಾಲದಲ್ಲಿ ಕಂಬದ ಬುಡದ ಮಣ್ಣು ಎಷ್ಟು ಹೋಯಿತು ಎಂದು ನಾನು ತಿಳಿಯುತ್ತಿದ್ದದ್ದು ಹೊಳೆಯಲ್ಲಿ ಬಲೆ ಹಾಕುವವರನ್ನು ಕೇಳಿ.

ಮುಖ್ಯ ಎಂಜಿನಿಯರ್ ಹ್ಯಾರಿಸ್ ಮಾತು ಕಡಿಮೆಯ ಮನುಷ್ಯ. ಅವನು ನನಗೆ ಕೆಂಪು ಸೂಜಿಯ ಒಂದು ಸೇತುವೆಯನ್ನು ತೋರಿಸಿದ. ದೊಡ್ಡ ಸೇತುವೆಗಳ ಸಾಲಿನಿಂದ ದೂರ, ಕಾರ್ಖಾನೆಗಳ ಹಿಂದೆ ಅಡಗಿದ ಹಳೆಯ ಉಕ್ಕಿನ ಸೇತುವೆ. ಪಿಕ್ಚರ್ ಕಾರ್ಡಿನಲ್ಲಿ ಅದು ಸಿಗುವುದಿಲ್ಲ. ಅದಕ್ಕೆ ವಯಸ್ಸಾಗಿತ್ತು. ಭಾರದ ಲಾರಿಗಳನ್ನು ಆಗಲೇ ನಿಲ್ಲಿಸಿದ್ದರು. ಪಕ್ಕದಲ್ಲೇ ಹೊಸದನ್ನು ಕಟ್ಟುವುದು, ಅದು ಮುಗಿಯುವ ತನಕ ಹಳೆಯದನ್ನು ಹೇಗಾದರೂ ಕಾಪಾಡಿಕೊಳ್ಳುವುದು, ಇದು ಯೋಜನೆ. ಎಲ್ಲ ಸೇತುವೆಗಳನ್ನೂ ಒಟ್ಟಿಗೆ ನೋಡಬೇಕು ಎಂದ ಹ್ಯಾರಿಸ್. ಒಂದನ್ನು ಮುಚ್ಚಿದರೆ ಅದರ ಭಾರ ಇನ್ನೊಂದರ ಹೆಗಲಿಗೆ ಹೋಗುತ್ತದೆ, ಅದಕ್ಕೂ ಮುದಿತನ ಬೇಗ ಬರುತ್ತದೆ.

ಹೊಸ ಸೇತುವೆಯ ಬಗ್ಗೆ ಊರವರನ್ನು ಕೇಳಲು ಶಾಲೆಯೊಂದರ ಸಭಾಂಗಣದಲ್ಲಿ ಸಭೆ ಕರೆದಿದ್ದರು. ಚಹಾ, ಬಿಸ್ಕತ್ತು, ಸಾಲಾಗಿ ಕುರ್ಚಿ. ಜನ ಜಗಳವಾಡುತ್ತಾರೆಂದು ನಾನು ಕಾದೆ. ಯಾರೂ ದನಿ ಎತ್ತಲಿಲ್ಲ. ಮುದುಕನೊಬ್ಬ ಎದ್ದು, ಹಳೆಯ ಸೇತುವೆಯ ಅಂಚುಗಳಲ್ಲಿ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ, ಅವು ಎಲ್ಲಿಗೆ ಹೋಗಬೇಕು ಎಂದು ಕೇಳಿದ. ನಗೆ ಏಳುತ್ತದೆ ಎಂದುಕೊಂಡೆ. ಹ್ಯಾರಿಸ್ ಗಂಭೀರವಾಗಿ ಬರೆದುಕೊಂಡ. ಅದೇ ಸಭೆಯಲ್ಲಿ ಒಬ್ಬಳು ಹೆಂಗಸು, ಎರಡೂ ದಡದಲ್ಲಿ ಅರ್ಧರ್ಧ ಸಂಸಾರ ಇರುವವರು ನಡೆದು ದಾಟುವ ದಾರಿಯನ್ನು ಒಂದು ದಿನವೂ ಮುಚ್ಚಬೇಡಿ ಎಂದಳು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ ಆಲ್ಬರ್ಟ್ ಆಗ ತನ್ನ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತಿದ್ದ.

ಮುದಿ ಸೇತುವೆಯ ಕೆಳಗೆ

ಉಕ್ಕು ಒಳಗೆ ಹೇಗುಂಟು ಎಂದು ತಿಳಿಯಲು ಯಂತ್ರಗಳಿದ್ದವು. ಆದರೆ ಆಲ್ಬರ್ಟ್ ನಂಬುತ್ತಿದ್ದದ್ದು ಒಂದು ಸಣ್ಣ ಸುತ್ತಿಗೆಯನ್ನು. ಸೇತುವೆಯ ಕೆಳಗೆ ಕಟ್ಟಿದ ಹಲಗೆಯ ಮೇಲೆ ನಡೆಯುತ್ತ, ಬಡಿಯುತ್ತ, ಕಿವಿ ಕೊಡುತ್ತ ಹೋಗುವನು. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ತುಕ್ಕು ತಿಂದದ್ದು ಮಂಕಾಗಿ ‘ದಬ್’ ಎನ್ನುತ್ತದೆ. ಮೂರನೆಯ ದಿನ ಅವನು ಸುತ್ತಿಗೆ ನನ್ನ ಕೈಗೆ ಕೊಟ್ಟು ಪರೀಕ್ಷೆ ಮಾಡಿದ. ನಾನು ಎಲ್ಲವನ್ನೂ ಸರಿಯಾಗಿ ಹೇಳಿದೆ.

“ಎಲ್ಲಿ ಕಲಿತೆ?” ಎಂದ ಆಶ್ಚರ್ಯದಿಂದ.

“ಹಲಸಿನ ಮರದ ಕೆಳಗೆ,” ಎಂದೆ. ಹಲಸು ಎಂದರೇನು, ಅದನ್ನು ಬಡಿದು ಹಣ್ಣೋ ಕಾಯಿಯೋ ಎಂದು ಹೇಗೆ ತಿಳಿಯುವುದು ಎಂದು ವಿವರಿಸಲು ಒಂದು ಮಧ್ಯಾಹ್ನ ಹಿಡಿಯಿತು. ಮೈಯೆಲ್ಲ ಮುಳ್ಳು, ಒಳಗೆ ಜೇನು, ಮನುಷ್ಯನ ಹೊಟ್ಟೆಯಷ್ಟು ದೊಡ್ಡ ಹಣ್ಣು ಎಂದಾಗ ಅವನು ನಂಬಲಿಲ್ಲ.

ಮಧ್ಯಾಹ್ನ ಎಂದರೆ ನೆನಪಾಯಿತು. ಹನ್ನೆರಡಾದರೆ ಆಲ್ಬರ್ಟ್ ಎಲ್ಲಿದ್ದರೂ ಕೆಲಸ ಬಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಆ ಹಳೆಯ ಸೇತುವೆಯ ಕಾಲುದಾರಿಯಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದ. ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದ. ಸರಿಯಾಗಿ ಒಂದು ಗಂಟೆಗೆ ಮರಳಿ ಬರುತ್ತಿದ್ದ. ಬೇರೆಯವರ ವಿಷಯ ಕೇಳುವುದು ಅಲ್ಲಿನವರ ಅಭ್ಯಾಸವಲ್ಲ. ನನಗೆ ಆ ಮರ್ಯಾದೆ ಇನ್ನೂ ಬಂದಿರಲಿಲ್ಲ, ಕೇಳಿದೆ.

“ಎಲ್ಸಿ ಅಲ್ಲಿ ಇದ್ದಾಳೆ,” ಎಂದ. “ನನ್ನ ಹೆಂಡತಿ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿಯಿತು. ಆಚೆ ದಡದ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ಮಾತು ಹೋಗಿದೆ. ನರ್ಸಿನ ಕೈಯಿಂದ ತಿನ್ನುವುದಿಲ್ಲ.”

“ನಿಮ್ಮ ಕೈಯಿಂದ?”

“ತಿನ್ನುತ್ತಾಳೆ.” ಅಷ್ಟೇ ಹೇಳಿ ಸುತ್ತಿಗೆ ಎತ್ತಿಕೊಂಡ.

ಮಣಿಪಾಲದಿಂದ ತಂತಿ

ಭಾನುವಾರಗಳು ನನಗೆ ಕಷ್ಟ. ಇಗರ್ಜಿಯಲ್ಲಿ ಎಂಟೋ ಹತ್ತೋ ಮುದುಕರು, ಒಬ್ಬರಿಂದ ಒಬ್ಬರು ಮೂರು ಬೆಂಚು ದೂರ. ಶಿರ್ವದಲ್ಲಿ ಬೇಗ ಹೋಗದಿದ್ದರೆ ಬಾಗಿಲ ಹೊರಗೆ ನಿಲ್ಲಬೇಕು. ಗುರುತಿನ ರಾಗವೊಂದನ್ನು ಹಾಡಿದಾಗ ನಾನು ಮೆಲ್ಲನೆ ಕೊಂಕಣಿಯಲ್ಲಿ ಹಾಡಿಕೊಂಡೆ. ಮುಂದಿನ ಬೆಂಚಿನ ಅಜ್ಜಿ ತಿರುಗಿ ನೋಡಿ ನಕ್ಕಳು. ಆ ನಗೆಯನ್ನು ಇಡೀ ವಾರ ಇಟ್ಟುಕೊಂಡಿದ್ದೆ.

ಐರಿನ್‌ನ ಕಾಗದ ತಲುಪಲು ಎರಡು ವಾರ. ಅವಳ ವಾಂತಿ ನಿಂತ ಸುದ್ದಿ ನನಗೆ ಸಿಗುವಾಗ ಅವಳಿಗೆ ಕಾಲು ಬಾತಿರುತ್ತಿತ್ತು. ಕಾಲು ಬಾತ ಸುದ್ದಿ ಓದುವಾಗ ಅದು ಇಳಿದಿರುತ್ತಿತ್ತು. ನಾನು ಬರೆದ ಉತ್ತರಗಳೆಲ್ಲ ಕಳೆದ ತಿಂಗಳಿನ ಹೆಂಡತಿಗೆ.

ಜೂನಿನಲ್ಲಿ ಗಲ್ಫಿನಲ್ಲಿರುವ ಭಾವ ಒಂದು ಕ್ಯಾಸೆಟ್ ಕಳುಹಿಸಿದ. ರಜೆಗೆ ಊರಿಗೆ ಹೋದಾಗ ಐರಿನ್‌ನ ಮಾತು ತುಂಬಿಸಿಕೊಂಡು ಬಂದಿದ್ದನಂತೆ. ಮಿಸೆಸ್ ರಾಬ್ಸನ್ ತನ್ನ ಮಗಳ ಟೇಪ್ ರೆಕಾರ್ಡರ್ ತಂದಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಕೇಳಿದೆವು. ಮೊದಲು ಐರಿನ್‌ಗೆ ಎಂತ ಹೇಳಬೇಕೆಂದು ಗೊತ್ತಾಗದೆ ಟೀಚರಿನ ಸ್ವರದಲ್ಲಿ, “ಇಲ್ಲಿ ಎಲ್ಲರೂ ಸೌಖ್ಯ” ಎಂದಳು. ಆಮೇಲೆ ಸುಮ್ಮನಾದಳು. ಆ ಸುಮ್ಮನಿರುವುದರಲ್ಲಿ ಕಾರ್ಕಳದ ಹಿತ್ತಿಲು ಇಡೀ ಇತ್ತು.

“ಅದು ಎಂತ ಸದ್ದು ಪೆಟ್?” ಎಂದಳು ಮಿಸೆಸ್ ರಾಬ್ಸನ್.

“ಕಾಗೆ.”

“ಮತ್ತೆ ಅದು, ಕರಕರ?”

“ಅತ್ತೆ ಹಿಟ್ಟು ರುಬ್ಬುತ್ತಿದ್ದಾರೆ. ಕಲ್ಲಿನಲ್ಲಿ.”

ಕೊನೆಗೆ ಐರಿನ್ ತಗ್ಗಿದ ದನಿಯಲ್ಲಿ, “ಇದು ಒದೆಯುತ್ತದೆ. ನಿನ್ನ ಹಾಗೆಯೇ ಬೆಳಿಗ್ಗೆ ಮಲಗಿ ಸಂಜೆ ಏಳುತ್ತದೆ” ಎಂದಳು. ಮಿಸೆಸ್ ರಾಬ್ಸನ್‌ಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೂ ಕರವಸ್ತ್ರ ಹುಡುಕಿದವಳು ಅವಳೇ.

ಜುಲೈಯ ಒಂದು ಸೋಮವಾರ ತಂತಿ ಬಂತು. “ಐರಿನ್ ಮಣಿಪಾಲಕ್ಕೆ ಸೇರಿಸಿದೆ. ರಕ್ತದೊತ್ತಡ ಹೆಚ್ಚು. ಹೆದರಬೇಡ.” ಹೆದರಬೇಡ ಎಂಬ ಶಬ್ದವನ್ನು ತಂತಿಯಲ್ಲಿ ಯಾರೂ ಹಾಕಬಾರದು. ಫೋನು ಮಾಡಲು ನೋಡಿದೆ. ಬೊಂಬಾಯಿಯ ತನಕ ಲೈನು ಸಿಕ್ಕಿತು, ಅಲ್ಲಿಂದ ಮುಂದೆ ಬರೀ ಸಮುದ್ರದ ಸದ್ದು. ಮಂಗಳವಾರ ಏನೂ ಬರಲಿಲ್ಲ. ಬುಧವಾರವೂ ಬರಲಿಲ್ಲ. ಮನೆಯಲ್ಲಿ ಕೂತಿರಲಾರದೆ ಸೇತುವೆಯ ಕೆಳಗೆ ಹೋದೆ.

ಆಲ್ಬರ್ಟ್ ಆ ಬೆಳಿಗ್ಗೆ ಎಲ್ಸಿಯ ಡಾಕ್ಟರನ್ನು ಕಾಣಲು ರಜೆ ಹಾಕಿದ್ದ. ಮನಸ್ಸನ್ನು ಎಲ್ಲಾದರೂ ಕಟ್ಟಿಹಾಕಬೇಕೆಂದು, ನನ್ನ ಪಾಲಿನದಲ್ಲದ ತುದಿಯನ್ನೂ ಬಡಿಯುತ್ತ ಹೋದೆ. ಕಾಲುದಾರಿಯನ್ನು ಹೊತ್ತ ಉಕ್ಕಿನ ತೋಳುಗಳು ಒಂದೊಂದಾಗಿ ಗಂಟೆಯಂತೆ ನುಡಿದವು. ದಕ್ಷಿಣ ದಡಕ್ಕೆ ಹತ್ತಿರದ ಒಂದು ತೋಳು ನುಡಿಯಲಿಲ್ಲ. ಮತ್ತೆ ಬಡಿದೆ. ‘ದಬ್.’ ಬಣ್ಣವನ್ನು ಕೆರೆದೆ. ಬಣ್ಣದ ಕೆಳಗೆ ತುಕ್ಕು, ಪತ್ರೊಡೆಯ ಎಲೆಗಳ ಹಾಗೆ ಪದರ ಪದರವಾಗಿ ಎದ್ದಿತ್ತು. ಉಗುರಿನಿಂದ ಎಳೆದರೆ ತುಂಡು ಕೈಗೆ ಬಂತು. ಅದರ ಪಕ್ಕದ್ದೂ ಹಾಗೆಯೇ. ಮೇಲೆ ಯಾರೋ ನಡೆದುಹೋಗುವ ಹೆಜ್ಜೆಯ ಸದ್ದು ಕೇಳಿಸಿತು.

ಕಚೇರಿಗೆ ಬಂದು ರಿಜಿಸ್ಟರು ತೆರೆದೆ. ಆ ತೋಳುಗಳ ಎದುರು, ವಸಂತದ ತಪಾಸಣೆಯಲ್ಲಿ, ‘ಸರಿಯಾಗಿದೆ’ ಎಂದಿತ್ತು. ಸಹಿ ಆಲ್ಬರ್ಟನದು.

ಆಚೆ ದಡ

ಸಂಜೆ ಅವನು ಬಂದಾಗ ಕೈಯಲ್ಲಿದ್ದ ತುಕ್ಕಿನ ತುಂಡನ್ನು ತೋರಿಸಿದೆ. ಎಲ್ಲಿಯದು ಎಂದು ಅವನು ಕೇಳಲಿಲ್ಲ. ಅದರಿಂದಲೇ ನನಗೆ ತಿಳಿಯಿತು.

“ಚಳಿಗಾಲದಲ್ಲೇ ಗೊತ್ತಾಗಿತ್ತು,” ಎಂದ. “ಬರೆದರೆ ಕಾಲುದಾರಿ ಮುಚ್ಚುತ್ತಾರೆ. ಮುಂದಿನ ಸೇತುವೆಗೆ ಸುತ್ತಿ ಹೋಗಲು ಈ ಕಾಲಿಗೆ ಒಂದು ಗಂಟೆ ಬೇಕು. ಬಸ್ಸು ಬದಲಾಯಿಸಿ ಹೋದರೂ ಅಷ್ಟೇ. ಹೋಗಿ ಬರುವುದರಲ್ಲಿ ಮಧ್ಯಾಹ್ನ ಮುಗಿಯುತ್ತದೆ. ನಿವೃತ್ತಿಯ ತನಕ ಮಾತ್ರ, ಅಂದುಕೊಂಡೆ. ಆಮೇಲೆ ಆಚೆ ದಡದಲ್ಲೇ ಒಂದು ಕೋಣೆ ಹಿಡಿಯುವವನಿದ್ದೆ.” ಆಮೇಲೆ ಹೇಳಿದ, “ನಾನು ಸುಮ್ಮನೆ ಬಿಟ್ಟಿಲ್ಲ ಲ್ಯಾಡ್. ದಿನಾ ಹೋಗುವ ಮುಂಚೆ ಕೆಳಗಿಳಿದು ಬಡಿದು ನೋಡುತ್ತೇನೆ. ಮೊದಲು ನನ್ನ ಭಾರ ಹಾಕಿ ನೋಡುತ್ತೇನೆ.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೂರು ದಿನದಿಂದ ನನ್ನ ಹೆಂಡತಿಯ ಸುದ್ದಿಗಾಗಿ ಕಾದು ಕೂತವನು ನಾನು. ಮಣಿಪಾಲಕ್ಕೆ ಹೋಗುವ ಸೇತುವೆ ಒಂದು ಕೊಳೆತ ತೋಳಿನ ಮೇಲೆ ನಿಂತಿದ್ದರೆ ನಾನು ಎಂತ ಬರೆಯುತ್ತಿದ್ದೆ, ದೇವರೇ ಬಲ್ಲ. ಅಲ್ಲದೆ ನಾನು ಅಲ್ಲಿ ಅತಿಥಿ. ತುಂಡನ್ನು ನದಿಗೆ ಎಸೆದು ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ.

ಆದರೂ ಹೇಳಿದೆ. “ನೀವು ಭಾರ ಹಾಕಿ ನೋಡುವಾಗ ಅಲ್ಲಿ ನೀವೊಬ್ಬರೇ ಇರುತ್ತೀರಿ, ಮಿಸ್ಟರ್ ಆಲ್ಬರ್ಟ್. ಮೂರೂವರೆಗೆ ಶಾಲೆ ಬಿಡುತ್ತದೆ. ಮಕ್ಕಳು ಓಡುತ್ತ ಬರುತ್ತಾರೆ.”

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ.

“ನಾನು ಬರೆಯುವುದಿಲ್ಲ,” ಎಂದೆ. “ನೀವೇ ಬರೆಯಿರಿ. ಆದರೆ ನಾಳೆ ಮಕ್ಕಳು ಶಾಲೆಗೆ ಹೊರಡುವ ಮೊದಲು.”

ಮರುದಿನ ನಾನು ಎದ್ದು ಕಚೇರಿಗೆ ಹೋಗುವಾಗ ಕಾಲುದಾರಿಯ ಎರಡೂ ತುದಿಗೆ ಹಲಗೆ ಬಡಿದಾಗಿತ್ತು. ಬೆಳಿಗ್ಗೆ ಆರಕ್ಕೇ ಹ್ಯಾರಿಸ್‌ನ ಮನೆಗೆ ಹೋಗಿ, ತನ್ನ ಸಹಿಯ ವಿಷಯವನ್ನೂ ಸೇರಿಸಿ, ಎಲ್ಲವನ್ನೂ ಆಲ್ಬರ್ಟ್ ಹೇಳಿದ್ದ. ಹ್ಯಾರಿಸ್ ಕೂಗಾಡಲಿಲ್ಲ. ತಪಾಸಣೆಯ ಕೆಲಸದಿಂದ ಅವನನ್ನು ತೆಗೆದು ಉಗ್ರಾಣಕ್ಕೆ ಹಾಕಿದ. ಹಾಗೆ ಹೇಳುವಾಗ ಹ್ಯಾರಿಸ್ ಕಿಟಕಿಯ ಹೊರಗೆ ನೋಡುತ್ತಿದ್ದ. ಸುತ್ತಿಗೆಯನ್ನು ಆಲ್ಬರ್ಟ್ ಮೇಜಿನ ಮೇಲೆ ಇಟ್ಟು ಹೋದ.

ಆ ಮಧ್ಯಾಹ್ನ ಅವನು ಎಲ್ಸಿಯ ಬಳಿ ಹೋಗಲಿಲ್ಲ. ಉಗ್ರಾಣದ ಬಾಗಿಲಲ್ಲಿ ನಿಂತು ಬೀಗದ ಕೈಗಳನ್ನು ನೋಡುತ್ತಿದ್ದ. ಸಂಜೆ ಬಸ್ಸು ಬದಲಾಯಿಸಿ ಹೋಗಿ ಬಂದನಂತೆ. ಎಲ್ಸಿ ತಟ್ಟೆ ಮುಟ್ಟಿರಲಿಲ್ಲ. ಹನ್ನೆರಡರಿಂದ ಅವಳು ಬಾಗಿಲನ್ನೇ ನೋಡುತ್ತಿದ್ದಳು ಎಂದು ನರ್ಸು ಹೇಳಿದಳಂತೆ.

ನನಗೆ ತಡೆಯಲಾಗಲಿಲ್ಲ. ಶುಕ್ರವಾರ ಹ್ಯಾರಿಸ್‌ನ ಕೋಣೆಗೆ ಹೋದೆ. “ನಮ್ಮ ಊರಿನ ಹೊಳೆಗೆ ಸೇತುವೆ ಇಲ್ಲದಿದ್ದರೆ ದೋಣಿ ಉಂಟು,” ಎಂದೆ. “ತಪಾಸಣೆಯ ದೋಣಿ ಸುಮ್ಮನೆ ಕಟ್ಟಿಹಾಕಿದೆ. ಮಧ್ಯಾಹ್ನ ಒಂದು ಸಲ ಅವರನ್ನು ದಾಟಿಸಿದರೆ ಆಗುವುದಿಲ್ಲವಾ?”

“ಸಾಧ್ಯವಿಲ್ಲ,” ಎಂದ ಹ್ಯಾರಿಸ್. “ಸರಕಾರಿ ದೋಣಿಯಲ್ಲಿ ಸ್ವಂತ ಕೆಲಸಕ್ಕೆ ಯಾರನ್ನೂ ಕೂರಿಸುವ ಹಾಗಿಲ್ಲ.”

ನಾನು ಬಾಗಿಲ ತನಕ ಬಂದೆ. ಹಿಂದಿನಿಂದ ಅವನ ಸ್ವರ ಬಂತು.

“ಆದರೆ ಆಚೆ ದಡದ ನೀರಿನ ಮಟ್ಟವನ್ನು ದಿನಾ ಹನ್ನೆರಡಕ್ಕೆ ಬರೆದುಕೊಳ್ಳುವ ಕೆಲಸ ಬಹಳ ದಿನದಿಂದ ಬಾಕಿಯಿದೆ. ನೀವು ಬರೆದುಕೊಳ್ಳಿ, ಮಿಸ್ಟರ್ ಮೆಂಡೋನ್ಸಾ. ಅಳತೆಗೋಲು ಹಿಡಿಯಲು ಒಬ್ಬರು ಬೇಕಾಗುತ್ತದೆ. ಉಗ್ರಾಣದಲ್ಲಿ ಯಾರಾದರೂ ಬಿಡುವಾಗಿದ್ದರೆ ಕೇಳಿ ನೋಡಿ. ಒಂದು ಗಂಟೆಗೆ ಮತ್ತೊಮ್ಮೆ ಅಳೆಯಬೇಕು.”

ನಮ್ಮಲ್ಲಿ ಉಪಕಾರ ಮಾಡುವವನು ಅದನ್ನು ಮೂರು ಸಲ ಹೇಳಿಸಿಕೊಳ್ಳುತ್ತಾನೆ. ಇಲ್ಲಿನವರು ಅದನ್ನು ನಿಯಮದ ಹಿಂದೆ ಅಡಗಿಸಿ ಕೊಡುತ್ತಾರೆ, ತೆಗೆದುಕೊಂಡವನು ತಲೆ ಬಗ್ಗಿಸಬೇಕಾಗಿಲ್ಲ.

ಅಂದೇ ಹನ್ನೆರಡಕ್ಕೆ ದೋಣಿ ಹೊರಟಿತು. ಆಲ್ಬರ್ಟ್ ಅಳತೆಗೋಲನ್ನು ಎದೆಗೆ ಆನಿಸಿಕೊಂಡು ಮುಂದೆ ಕೂತಿದ್ದ. ನಾನು ಪುಸ್ತಕ ಹಿಡಿದು ಹಿಂದೆ. ಮೇಲೆ ಹಕ್ಕಿಗಳ ಗಲಾಟೆ. ದಡ ಬಿಟ್ಟು ಸ್ವಲ್ಪ ಬಂದಿರಬಹುದು, ಹಿಂದಿನಿಂದ ಯಾರೋ ಕೂಗಿದರು.

“ಲಾರೆನ್ಸ್! ಲಾರೆನ್ಸ್ ಪೆಟ್!”

ಮಿಸೆಸ್ ರಾಬ್ಸನ್. ಅಡುಗೆಯ ಏಪ್ರನ್‌ನಲ್ಲೇ, ಕಾಲಲ್ಲಿ ಮನೆಯೊಳಗಿನ ಚಪ್ಪಲಿಯಲ್ಲೇ, ಬಂದರಿನ ಕಲ್ಲುಗಳ ಮೇಲೆ ಓಡಿ ಬರುತ್ತಿದ್ದಳು. ಅಷ್ಟು ತಿಂಗಳಲ್ಲಿ ಒಬ್ಬ ಇಂಗ್ಲಿಷ್ ಹೆಂಗಸು ಬೀದಿಯಲ್ಲಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೈಯಲ್ಲಿ ತಂತಿಯ ಕಾಗದ. ದೋಣಿಯ ಯಂತ್ರದ ಸದ್ದಿನಲ್ಲಿ ನನ್ನ ಹೆಸರಿನ ಹೊರತು ಬೇರೇನೂ ಕೇಳಿಸಲಿಲ್ಲ. ದೋಣಿಯವನು ಯಂತ್ರ ನಿಲ್ಲಿಸಿದ.

“ಹುಡುಗಿ!” ಎಂದು ಅವಳು ನೀರಿನ ಮೇಲಿಂದ ಕೂಗಿದಳು. “ಹುಡುಗಿ! ಇಬ್ಬರೂ ಸೌಖ್ಯ!”

ನಾನು ಎದ್ದು ನಿಂತೆ. ದೋಣಿ ಬಾಗಿತು. ಆಲ್ಬರ್ಟ್ ನನ್ನ ಕೋಟು ಹಿಡಿದು ಎಳೆದು ಕೂರಿಸಿದ. “ಕೂತುಕೋ, ಮುಳುಗಿಸಿಬಿಡುತ್ತೀಯಾ,” ಎಂದವನು ಕೋಟನ್ನು ಬಿಡಲೇ ಇಲ್ಲ. ಆಚೆ ದಡ ಮುಟ್ಟುವ ತನಕ ಹಿಡಿದೇ ಕೂತಿದ್ದ. ನನ್ನ ಅಳು ನಿಲ್ಲಲು ಅಷ್ಟು ಹೊತ್ತು ಬೇಕಾಯಿತು.

ನನ್ನನ್ನೂ ಅವನು ಆಸ್ಪತ್ರೆಯ ಒಳಗೆ ಕರೆದುಕೊಂಡು ಹೋದ. ಕಿಟಕಿಯ ಪಕ್ಕದ ಮಂಚದಲ್ಲಿ ಬಿಳಿ ಕೂದಲಿನ ಪುಟ್ಟ ಹೆಂಗಸು, ಕಣ್ಣು ಬಾಗಿಲಿನಲ್ಲಿ. ಆಲ್ಬರ್ಟನನ್ನು ಕಂಡು ಅವಳ ಮುಖದ ಒಂದು ಬದಿ ಮಾತ್ರ ನಕ್ಕಿತು. ಅವನು ಕುರ್ಚಿ ಎಳೆದುಕೊಂಡು, ಚಮಚದಲ್ಲಿ ಸಾರು ಎತ್ತಿ, ಊದಿ, ಬಾಯಿಗಿಟ್ಟ. “ಈ ಲ್ಯಾಡ್‌ಗೆ ಮಗಳು ಹುಟ್ಟಿದ್ದಾಳೆ ಎಲ್ಸಿ,” ಎಂದ. ಅವಳು ನನ್ನ ಕಡೆ ನೋಡಿ, ಸರಿಯಿರುವ ಕೈಯನ್ನು ಸ್ವಲ್ಪ ಎತ್ತಿದಳು. ನಾನು ಹೊರಗೆ ಹೋಗಿ ನೀರಿನ ಮಟ್ಟ ಬರೆದೆ. ಆ ದಿನದ ಅಂಕಿ ಸರಿಯಾಗಿತ್ತೋ ಇಲ್ಲವೋ ಖಾತ್ರಿಯಿಲ್ಲ.

ಕಾರ್ಕಳ

ಸೆಪ್ಟೆಂಬರಿನಲ್ಲಿ ಮರಳಿದೆ. ಕಾರ್ಕಳದ ಮನೆಯ ಮೆಟ್ಟಿಲಲ್ಲಿ ಐರಿನ್ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ದಪ್ಪಗಾಗಿದ್ದಳು, ಮುಖ ಬಿಳಿಚಿಕೊಂಡಿತ್ತು. ಹಾದಿಯುದ್ದಕ್ಕೂ ಎಂತೆಂತದೋ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದನ್ನೂ ಹೇಳುವ ಮೊದಲೇ ಅವಳು ಮಗುವನ್ನು ನನ್ನ ಕೈಗಿಟ್ಟಳು. ಮಗು ನನ್ನ ಮುಖ ನೋಡಿ ಕಿರುಚಿ ಅತ್ತಿತು. “ಅಳಲಿ ಬಿಡು,” ಎಂದಳು ಐರಿನ್. “ನಾನೂ ಅಷ್ಟು ಅತ್ತಿದ್ದೇನೆ.”

ಉಡುಪಿಯ ಕಚೇರಿಯಲ್ಲಿ ನಮ್ಮ ಹೊಳೆಗಳ ಸೇತುವೆಗಳಿಗೆ ಒಂದೊಂದು ನೋಟ್‌ಬುಕ್ ಮಾಡಿ ಬರೆಯತೊಡಗಿದೆ. ಮೇಲಿನವರು ನಕ್ಕರು, ಆದರೆ ಬೇಡ ಎನ್ನಲಿಲ್ಲ. ಆಲ್ಬರ್ಟ್ ಕ್ರಿಸ್ಮಸ್‌ಗೆ ಕಾರ್ಡ್ ಹಾಕುತ್ತಿದ್ದ. ಆಚೆ ದಡದಲ್ಲಿ ಕೋಣೆ ಸಿಗಲಿಲ್ಲವಂತೆ. ನಿವೃತ್ತಿಯಾದ ಮೇಲೆ ಬಸ್ಸು ಬದಲಾಯಿಸಿ ಹೋಗುತ್ತಿದ್ದನಂತೆ. ಈಗ ಗಡಿಬಿಡಿಯಿಲ್ಲ, ಇಡೀ ಮಧ್ಯಾಹ್ನ ಕೂರಬಹುದು ಎಂದು ಬರೆದಿದ್ದ.

ಎರಡು ವರ್ಷದ ಮೇಲೆ, ಕ್ರಿಸ್ಮಸ್ ಅಲ್ಲದ ಹೊತ್ತಿನಲ್ಲಿ, ಒಂದು ಕಾಗದ ಬಂತು. ಐರಿನ್‌ಗೆ ರಜೆ, ನಾವು ಕಾರ್ಕಳದಲ್ಲಿದ್ದೆವು. ಜಗಲಿಯಲ್ಲಿ ಕೂತು ಅವಳಿಗೆ ಓದಿ ಹೇಳಿದೆ.

“ಹೊಸ ಸೇತುವೆ ತೆರೆದರು,” ಎಂದು ಆಲ್ಬರ್ಟ್ ಬರೆದಿದ್ದ. “ಅಗಲವಾಗಿದೆ, ಎರಡೂ ಬದಿ ಕಾಲುದಾರಿ. ಹಳೆಯದನ್ನು ಬಿಚ್ಚಲು ಶುರುಮಾಡಿದ್ದಾರೆ. ಹಕ್ಕಿಗಳಿಗೆ ಕಂಬದ ಮೇಲೆ ಅಂಚು ಬಿಟ್ಟಿದ್ದಾರೆ, ಅವು ಇನ್ನೂ ಬಂದಿಲ್ಲ. ಎಲ್ಸಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಬರೆಯಬೇಕೆಂದಿದ್ದೆ, ಬರೆಯಲಾಗಲಿಲ್ಲ. ತೆರೆದ ದಿನ ಹ್ಯಾರಿಸ್ ನನ್ನನ್ನೂ ಕರೆದಿದ್ದ. ಎಲ್ಲರ ಜೊತೆ ನಾನೂ ನಡೆದೆ. ನಡುವಿನ ತನಕ ಹೋದೆ. ಕಾಲು ನೋಯಲಿಲ್ಲ, ದಾರಿ ಅಷ್ಟು ಚೆನ್ನಾಗಿದೆ. ಅಲ್ಲಿ ನಿಂತಾಗ, ಆಚೆ ದಡದಲ್ಲಿ ನನಗೆ ಯಾರೂ ಇಲ್ಲವೆಂಬುದು ನೆನಪಾಯಿತು. ತಿರುಗಿ ಬಂದೆ.”

ಅಷ್ಟೇ ಇತ್ತು ಕಾಗದದಲ್ಲಿ. ಐರಿನ್ ಕೊನೆಯ ಸಾಲನ್ನು ಇನ್ನೊಮ್ಮೆ ಓದಲು ಹೇಳಿದಳು. ಓದಿದೆ. ಅಂಗಳದಲ್ಲಿ ಮಗಳು ಅಜ್ಜಿಯ ಹಿಂದೆ ಹಿಂದೆ ಹೋಗುತ್ತ, ಕಂಡದ್ದಕ್ಕೆಲ್ಲ “ಎಂತ? ಎಂತ?” ಎಂದು ಕೇಳುತ್ತಿದ್ದಳು.

“ಎಂತ ಬರೆಯುವುದು ಅವರಿಗೆ?” ಎಂದೆ.

ಐರಿನ್ ಮಗಳನ್ನು ನೋಡಿದಳು. “ಸೇತುವೆಯ ವಿಷಯ ಬರೆಯಬೇಡ. ಇವಳು ಮಾತಾಡಲು ಕಲಿತಿದ್ದಾಳೆ ಅಂತ ಬರಿ. ಇವಳು ಹುಟ್ಟಿದ ಸುದ್ದಿ ಕೇಳಿದಾಗ ನಿನ್ನ ಕೋಟು ಹಿಡಿದುಕೊಂಡವರಲ್ವಾ ಅವರು.”

ಅವಳು ಅಂದ ಹಾಗೆಯೇ ಬರೆದೆ. ಒಂದು ಫೋಟೋವನ್ನೂ ಇಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. ಆಮೇಲಿನ ಕ್ರಿಸ್ಮಸ್‌ಗೆ ಕಾರ್ಡೂ ಬರಲಿಲ್ಲ. ಮಿಸೆಸ್ ರಾಬ್ಸನ್‌ಗೆ ಬರೆದು ವಿಚಾರಿಸಬಹುದು, ವಿಳಾಸ ಉಂಟು. ವಿಚಾರಿಸಿಲ್ಲ. ಅಂಚೆಯವನ ಸೈಕಲ್ ತಿರುವಿನಲ್ಲಿ ಕಾಣುವ ಹೊತ್ತಿಗೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬರುತ್ತೇನೆ.